ಘಟಿಕೋತ್ಸವಕ್ಕೆ ಸೂಜಿ ದಾರ

ಮೊನ್ನೆ ರೇಷನ್ ಕಾರ್ಡು ಹುಡುಕುತ್ತ ಬೀರುವಿನ ತಳದ ಅರೆಗೆ ಕೈ ಹಾಕಿದೆ, ಮೂರು ಮಂಕಿ ಕ್ಯಾಪುಗಳು ಸಿಕ್ಕವು. ರೇಷನ್ ಕಾರ್ಡು ಸಿಗಲಿಲ್ಲ. ಏಪ್ರಿಲ್ ತಿಂಗಳ ದಾವಣಗೆರೆ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ; ಫ್ಯಾನು ಈ ಮೂಲೆಯ ಬಿಸಿಗಾಳಿಯನ್ನು ಆ ಮೂಲೆಗೆ ಸಾಗಿಸುವ ಹಮಾಲಿ ಕೆಲಸವನ್ನಷ್ಟೇ ಮಾಡುತ್ತಿತ್ತು. ಅಂಥ ಹೊತ್ತಿನಲ್ಲಿ ಉಣ್ಣೆಯ ಟೋಪಿ ಮುಟ್ಟಿದರೇ ಮೈ ಬೆವರುತ್ತದೆ. ನನ್ನ ಹೆಂಡತಿ ಫಾತಿಮಾ, “ಇವನ್ನ ಇನ್ನೂ ಯಾಕ ಇಟ್ಕೊಂಡೀರಿ? ಯಾರಿಗಾರ ಕೊಟ್ಟುಬಿಡ್ರಿ,” ಅಂದಳು. ಯಾರಿಗೆ ಕೊಡಲಿ? ಮಂಕಿ ಕ್ಯಾಪನ್ನು ದಾನವಾಗಿ ಪಡೆಯುವಷ್ಟು ಬಡವರು ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ.

ಮೂರನ್ನೂ ಕೊಂಡವನು ನಾನೇ, ಹೋದ ವರ್ಷ ಇದೇ ದಿನಗಳಲ್ಲಿ. ನನ್ನ ಅಣ್ಣನ ಮಗಳು ನಸೀಮಾ ಹಿಮಾಚಲದ ಗುಡ್ಡದ ಮೇಲಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ಅದರ ಘಟಿಕೋತ್ಸವಕ್ಕೆ ಅಣ್ಣ, ಭಾಬಿ, ನಾನು ಮೂವರೂ ಹೊರಟಿದ್ದೆವು. ಹೈಸ್ಕೂಲಿನ ಕನ್ನಡ ಮೇಷ್ಟ್ರಾದ ನಾನು, ಊರಿನ ಹೆಸರಲ್ಲೇ ಹಿಮ ಇರುವಾಗ ವಿಚಾರಿಸುವುದೇನಿದೆ ಎಂದು ಟೋಪಿ ಕೊಂಡೆ. ಅಲ್ಲಿ ಇಳಿದು ನೋಡಿದರೆ ವಸಂತಕಾಲ. ಊರಿನ ಜನ ಅರ್ಧ ತೋಳಿನ ಅಂಗಿ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಿದ್ದರು. ನಾವು ಮೂವರು ಮಾತ್ರ ಬ್ಯಾಂಕು ದೋಚಲು ಬಂದವರ ಹಾಗೆ ಕಣ್ಣು ಮೂಗಷ್ಟೇ ಬಿಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು.

ಚಳಿಯ ವಿಷಯದಲ್ಲಿ ನನ್ನ ಅಜ್ಞಾನಕ್ಕೆ ಕಾರಣ ನಾನು ಬೆಳೆದ ಮನೆ. ಹರಿಹರದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ನಮ್ಮದು ದರ್ಜಿ ಅಂಗಡಿ. ಅದರ ಹಿಂದಿನ ಒಂದೂವರೆ ಕೋಣೆಯೇ ಮನೆ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ಚೂರುಗಳನ್ನೆಲ್ಲ ಕೂಡಿಸಿ ಅಮ್ಮ ಕೌದಿ ಹೊಲಿಯುತ್ತಿದ್ದಳು. ಅದನ್ನು ಹೊದ್ದು ಮಲಗಿದರೆ ಚಳಿ ಹತ್ತಿರ ಸುಳಿಯುತ್ತಿರಲಿಲ್ಲ, ಊರಿನ ಗಣ್ಯರೆಲ್ಲ ಮೈಮೇಲೆ ಮಲಗಿದ ಹಾಗೆ. ಎದೆಯ ಮೇಲೆ ಡಾಕ್ಟರರ ಸಫಾರಿ, ಹೊಟ್ಟೆಯ ಮೇಲೆ ಹೆಡ್‌ಮಾಸ್ತರರ ಖಾಕಿ, ಕಾಲಿನ ಹತ್ತಿರ ಯಾರದೋ ಮದುವೆಯ ಟೆರಿಲಿನ್. ಶಾಲೆಯಲ್ಲಿ ಹೆಡ್‌ಮಾಸ್ತರರು ಬೆತ್ತ ಎತ್ತಿದಾಗ, ನಿಮ್ಮ ಪ್ಯಾಂಟಿನ ಚೂರು ನನ್ನ ಹೊಟ್ಟೆಯ ಮೇಲಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಧೈರ್ಯ ತಂದುಕೊಳ್ಳುತ್ತಿದ್ದೆ. ಪೆಟ್ಟೇನೂ ಕಡಿಮೆಯಾಗುತ್ತಿರಲಿಲ್ಲ.

ಅಬ್ಬಾ ತೀರಿಕೊಂಡಾಗ ಅಣ್ಣ ಖಾದರ್ ಏಳನೆಯ ಇಯತ್ತೆ, ನಾನು ಮೂರು ವರ್ಷದ ಕೂಸು. ಮಾರನೆಯ ವಾರ ಅವನು ಶಾಲೆ ಬಿಟ್ಟು ಮಷೀನಿನ ಮುಂದೆ ಕೂತ. ಕಾಲು ಪೆಡಲಿಗೆ ನೆಟ್ಟಗೆ ಎಟುಕುತ್ತಿರಲಿಲ್ಲವಂತೆ. ಅಲ್ಲಿಂದ ಇಲ್ಲಿಯತನಕ ಎದ್ದಿಲ್ಲ. ನನ್ನನ್ನು ಎಂ.ಎ. ಓದಿಸಿದ್ದು ಆ ಮಷೀನು. ಅಣ್ಣ ಮನುಷ್ಯರನ್ನು ಮುಖದಿಂದ ಗುರುತಿಸುವುದಿಲ್ಲ. “ಯಾರದು ಬಂದಿದ್ದು?” ಎಂದು ಕೇಳಿದರೆ, “ಅದೇ, ಬಲಭುಜ ಅರ್ಧ ಇಂಚು ಇಳಿದೈತಲ್ಲ, ಅವರು,” ಅನ್ನುತ್ತಾನೆ. ಅವನ ಅಂಗಿಯ ಕಾಲರಿನ ಒಳಮಗ್ಗುಲಲ್ಲಿ ದಾರ ಸುತ್ತಿದ ಒಂದು ಸೂಜಿ ಸದಾ ಇರುತ್ತದೆ. ಜನ ಹೊರಗೆ ಹೋಗುವಾಗ ಕರವಸ್ತ್ರ ಇಟ್ಟುಕೊಳ್ಳುತ್ತಾರೆ, ಇವನು ಸೂಜಿ.

ಇಂಥವನು ಒಂದು ಸಮಾರಂಭಕ್ಕಾದರೂ ಅತಿಥಿಯಾಗಿ ಹೋದದ್ದುಂಟೇ? ಮದುವೆ ಮನೆಯಲ್ಲಿ ಎಲ್ಲರೂ ಬಿರಿಯಾನಿಗೆ ಕೂತಾಗ ಇವನು ಒಳಕೋಣೆಯಲ್ಲಿ ಮದುಮಗನ ಶೇರ್ವಾನಿಯ ಸೊಂಟ ಸಡಿಲಿಸುತ್ತಿರುತ್ತಾನೆ. ತನ್ನದೇ ನಿಖಾದಲ್ಲಿ ಖಾಜಿ ಸಾಹೇಬರ ಕೋಟಿನ ಗುಂಡಿ ನೇತಾಡುವುದನ್ನು ನೋಡುತ್ತ ‘ಖುಬೂಲ್’ ಹೇಳಲು ಮರೆತು ಕೂತಿದ್ದನಂತೆ. ಭಾಬಿ ಜೈತುನ್ ಇವತ್ತಿಗೂ ಅದನ್ನು ಕ್ಷಮಿಸಿಲ್ಲ. “ನನಗಿಂತ ಮದ್ಲು ಆ ಗುಂಡಿನೇ ಒಪ್ಕೊಂಡಿದ್ದ ನೋಡು,” ಅನ್ನುತ್ತಾಳೆ.

ನಸೀಮಾ ಫೋನು ಮಾಡಿದ ಭಾನುವಾರ ನಾನು ಹರಿಹರದ ಅಂಗಡಿಯಲ್ಲೇ ಇದ್ದೆ. ಮನೆಯಲ್ಲಿ ನಾವು ಉರ್ದು ಕನ್ನಡ ಎರಡನ್ನೂ ಕಲಸಿ ಆಡುತ್ತೇವೆ. ಇಲ್ಲಿ ನಿಮ್ಮ ಅನುಕೂಲಕ್ಕೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಫೋನನ್ನು ಕತ್ತರಿಸುವ ಮೇಜಿನ ಮೇಲಿಟ್ಟು ಅಣ್ಣ ಸ್ಪೀಕರ್ ಹಾಕಿದ. ಅವಳು ಓದಿದ್ದು ಹಣ್ಣಿನ ಗಿಡಗಳ ವಿಷಯ. ಸೇರಿದ ಹೊಸದರಲ್ಲಿ ಅಣ್ಣ, “ಸೇಬು ನಮ್ಮೂರಾಗ ಬೆಳೆಯಂಗಿಲ್ಲ, ಕಲ್ತು ಏನ್ ಮಾಡ್ತಿ?” ಎಂದಿದ್ದಕ್ಕೆ, “ಶೇರ್ವಾನಿ ನಮ್ಮೂರಾಗ ದಿನಾ ಯಾರು ಹಾಕ್ಕೊಂತಾರೆ? ನೀ ಹೊಲಿಯಂಗಿಲ್ಲೇನು?” ಎಂದಿದ್ದ ಹುಡುಗಿ. ಆವತ್ತು ಅವಳು, “ಅಬ್ಬಾ, ನೀವು ಮೂರು ಜನ ಬರಬೇಕು, ಪಾಸ್ ತಗೊಂಡೀನಿ,” ಅಂದಳು.

ಅಣ್ಣ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಲೇ, “ಅಲ್ಲಿ ಮನೆಯವರನ್ನ ಒಳಗ ಬಿಡಂಗಿಲ್ಲಲ್ಲವ್ವಾ,” ಅಂದ.

“ಯಾರು ಹೇಳಿದ್ದು?”

“ನಿಮ್ ಚಾಚಾ. ಓದಿದವನು, ಅವನಿಗೆ ಗೊತ್ತಿರ್ತೈತೆ.”

ನಾನು ಅವಸರದಿಂದ, “ಅದು ಆಗಿನ ಕಾಲ ಭಾಯಿ. ಈಗ ರೂಲ್ಸ್ ಬದಲಾಗ್ಯಾವೆ, ಈಗ ಬಿಡ್ತಾರೆ,” ಅಂದೆ. ಅಣ್ಣ ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದ. “ಹಂಗಾರೆ ಚಲೋ ಆತು,” ಎಂದು ಮತ್ತೆ ಗೆರೆ ಎಳೆದ.

ಇಲ್ಲಿ ಒಂದು ವಿಷಯವನ್ನು ಹೇಳಿಬಿಡಬೇಕು. ರೂಲ್ಸು ಯಾವತ್ತೂ ಹಾಗಿರಲಿಲ್ಲ. ಮೂವತ್ತು ವರ್ಷದ ಹಿಂದೆ ನನ್ನ ಎಂ.ಎ. ಘಟಿಕೋತ್ಸವಕ್ಕೆ ಅಣ್ಣ ಬೂದುಬಣ್ಣದ ಕೋಟು ಹೊಲಿದುಕೊಟ್ಟಿದ್ದ. ಕೊನೆಯ ಸಲ ತೊಡಿಸಿ ನೋಡುವಾಗ, “ನಾನೂ ಬರಲೇನು?” ಎಂದು ಕೇಳಿದ್ದ. ನಾನು ಹಾಸ್ಟೆಲಿನಲ್ಲಿ ಗೆಳೆಯರಿಗೆ ನಮ್ಮದು ಬಟ್ಟೆ ವ್ಯಾಪಾರ ಎಂದು ಹೇಳಿಕೊಂಡಿದ್ದೆ. ಅದು ಪೂರ್ತಿ ಸುಳ್ಳೇನಲ್ಲ ಎಂದು ನನಗೆ ನಾನೇ ಸಮಾಧಾನವನ್ನೂ ಹೇಳಿಕೊಂಡಿದ್ದೆ. ಅಣ್ಣ ಬಂದರೆ ಕುತ್ತಿಗೆಯಲ್ಲಿ ಟೇಪು, ಅಂಗಿಯ ತುಂಬ ದಾರದ ಚೂರು. ಕುಲಪತಿಗಳ ಭುಜ ನೋಡಿ ಅಳತೆ ತಪ್ಪಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರೂ ಹೇಳಿದನೇ. “ಮನೆಯವರನ್ನ ಒಳಗ ಬಿಡಂಗಿಲ್ಲ ಭಾಯಿ,” ಅಂದುಬಿಟ್ಟೆ. ನನಗೆ ಅವನ ಬಗ್ಗೆ ನಾಚಿಕೆಯಾಗಿತ್ತು. ಆ ಕೋಟು ಹಾಕಿಕೊಂಡೇ ನಾಚಿಕೆಪಟ್ಟೆ. ಗೆಳೆಯರ ಅಪ್ಪಂದಿರೆಲ್ಲ ಬಂದು ಸಾಲಾಗಿ ಕೂತಿದ್ದರು. ಒಬ್ಬ ವಕೀಲರು ನನ್ನ ಕೋಟು ಮುಟ್ಟಿ ನೋಡಿ, ಯಾವ ಊರಿನ ಟೈಲರಪ್ಪಾ ಎಂದು ವಿಚಾರಿಸಿದರು. ಹುಬ್ಬಳ್ಳಿ ಅಂದೆ.

ಹಾಗಾಗಿ ಹಿಮಾಚಲದ ಪ್ರಯಾಣದಲ್ಲಿ ನನ್ನದೊಂದು ಗುಟ್ಟಿನ ಲೆಕ್ಕಾಚಾರವಿತ್ತು. ಈ ಸಲ ಅಣ್ಣನನ್ನು ಒಳಗೆ, ಕುರ್ಚಿಯ ಮೇಲೆ, ಅತಿಥಿಯ ಹಾಗೆ ಕೂರಿಸಬೇಕು. ಮಗಳು ವೇದಿಕೆ ಹತ್ತುವುದನ್ನು ಅವನು ಕಣ್ಣಾರೆ ನೋಡಬೇಕು. ಅಷ್ಟಾದರೆ ನನ್ನ ಹಳೆಯ ತಪ್ಪು ತಾನಾಗಿ ತೊಳೆದುಹೋಗುತ್ತದೆ, ಬಾಯಿಬಿಟ್ಟು ಒಪ್ಪಿಕೊಳ್ಳುವ ರಗಳೆಯೇ ಇರುವುದಿಲ್ಲ. ಓದಿದವರು ಪಶ್ಚಾತ್ತಾಪವನ್ನೂ ಹೀಗೆ ಸುಲಭದಲ್ಲಿ ಮುಗಿಸಲು ನೋಡುತ್ತೇವೆ.

ರೈಲಿನಲ್ಲಿ ಎರಡು ದಿನ ಕಳೆದು, ದಿಲ್ಲಿಯಿಂದ ಬಸ್ಸು ಹಿಡಿದು ಗುಡ್ಡ ಹತ್ತಿದೆವು. ಮಂಡಕ್ಕಿಯ ಡಬ್ಬಿ ಮಧ್ಯಪ್ರದೇಶದಲ್ಲೇ ಖಾಲಿಯಾಗಿತ್ತು. ಗುಡ್ಡದ ಮೊದಲ ನಾಲ್ಕು ತಿರುವಿಗೆ ಭಾಬಿ ಅಲ್ಲಾಹನನ್ನು ನೆನೆದಳು, ಐದನೆಯದಕ್ಕೆ ನನ್ನನ್ನು ಬೈದಳು. ನಾನು ಕಿಟಕಿಯಾಚೆ ತೋರಿಸಿ, “ನೋಡು ಭಾಯಿ, ಸೇಬಿನ ಹೂವು,” ಅಂದೆ. ಇಳಿಜಾರಿನ ತುಂಬ ಬಿಳಿ, ನಸುಗುಲಾಬಿ ಹೂವು, ಎಲೆಗಳೇ ಕಾಣುತ್ತಿರಲಿಲ್ಲ. ಅಣ್ಣ ನೋಡುತ್ತಿದ್ದದ್ದು ಮುಂದಿನ ಸೀಟಿನ ಮುದುಕನ ಉಣ್ಣೆಯ ಕೋಟನ್ನು. “ಕಾಲರು ಏನ್ ಕೂರಿಸ್ಯಾರೋ! ಕೈ ಕೆಲಸ ಇದು,” ಅಂದ. ಆಮೇಲೆ ನನ್ನ ಮನಸ್ಸು ನೋಯಬಾರದೆಂದು ಹೂವನ್ನೂ ನೋಡಿದ.

ಘಟಿಕೋತ್ಸವದ ದಿನ ಬೆಳಿಗ್ಗೆ ಅಣ್ಣನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಕುತ್ತಿಗೆಯ ಟೇಪನ್ನು ರೂಮಿನಲ್ಲೇ ಬಿಡಿಸಿದೆ. ಜೇಬಿನಲ್ಲಿದ್ದ ಪುಟ್ಟ ಕತ್ತರಿಯನ್ನು ಗೇಟಿನ ಕಾವಲುಗಾರ ತೆಗೆದಿಟ್ಟುಕೊಂಡ. ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಕಾಲರಿನ ಒಳಗೆ ನೋಡುವುದು ಅವನಿಗೂ ಹೊಳೆಯಲಿಲ್ಲ, ನನಗೂ.

ಸಭಾಂಗಣದ ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಕರಿ ಗೌನು ಹಂಚುತ್ತಿದ್ದರು. ಎಲ್ಲಿಂದಲೋ ಬಾಡಿಗೆಗೆ ತಂದದ್ದು, ಎಲ್ಲವೂ ಒಂದೇ ಅಳತೆ, ಅದೂ ಆರಡಿಯ ಆಳಿನದು. ನಸೀಮಾ ಐದಡಿಗೆ ಒಂದಿಂಚು ಕಡಿಮೆ. ಅವಳು ಗೌನಿನ ಅಂಚನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು, “ಅಬ್ಬಾ, ಮೆಟ್ಲು ಹತ್ತುವಾಗ ಎಡವ್ತೀನಿ ನೋಡು,” ಎಂದು ನಕ್ಕಳು. ಆಗಲೇ ಒಬ್ಬಳು ರಿಹರ್ಸಲ್‌ನಲ್ಲಿ ಬಿದ್ದು ಮೊಣಕಾಲು ತರಚಿಕೊಂಡಿದ್ದಳಂತೆ. ಅಣ್ಣ ಕಾಲರಿನ ಒಳಗೆ ಬೆರಳು ತೂರಿಸಿದ. ನಾಲ್ಕು ನಿಮಿಷದಲ್ಲಿ ಅಂಚು ಮಡಚಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದ. ಗೌನು ಅವಳ ಮೈಗೇ ಹುಟ್ಟಿದ ಹಾಗೆ ನಿಂತಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಪಕ್ಕದಲ್ಲಿದ್ದ ಮಣಿಪುರದ ಹುಡುಗಿ, “ಅಂಕಲ್, ನಂದೂ?” ಅಂದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತ ಸಾಲು ಬಾಗಿಲ ಹೊರಗೆ ಬೆಳೆಯಿತು. ನಮ್ಮ ಹರಿಹರದ ಉರ್ದು ಕೇಳಿ ಆ ಮಕ್ಕಳಿಗೆ ನಗು, ಇವನಿಗೆ ಅವರ ನಗು ಕಂಡು ಖುಷಿ. ಹಾಸ್ಟೆಲಿನ ವಾರ್ಡನ್ ಬಾಯಿ ಎಲ್ಲಿಂದಲೋ ದಾರದ ಉಂಡೆ ತಂದುಕೊಟ್ಟು, ಗೌರವದಿಂದ ಕುರ್ಚಿಯನ್ನೂ ಹಾಕಿಸಿದರು. ಅಂತೂ ಅಣ್ಣ ಕುರ್ಚಿಯ ಮೇಲೆ ಕೂತ, ತಪ್ಪು ಕೋಣೆಯಲ್ಲಿ.

“ಅಬ್ಬಾ, ಸಾಕು. ಹತ್ತಕ್ಕೆ ಬಾಗ್ಲು ಹಾಕ್ತಾರೆ,” ಎಂದು ನಸೀಮಾ ಎರಡು ಸಲ ಕರೆದಳು.

“ಎರಡು ನಿಮಿಷ. ಈ ಹುಡುಗಿದೊಂದು.”

ದರ್ಜಿಯ ಎರಡು ನಿಮಿಷ ಎಂದರೇನೆಂದು ಹಬ್ಬದ ಹಿಂದಿನ ದಿನ ಅಂಗಡಿಯ ಕಟ್ಟೆಯ ಮೇಲೆ ಕೂತವರನ್ನು ಕೇಳಬೇಕು. ನಾನು ಅವನ ರಟ್ಟೆ ಹಿಡಿದು ಎಬ್ಬಿಸಲು ನೋಡಿದೆ. “ಅರ್ಧ ಅಂಚು ಬಿಚ್ಚಿಟ್ಟೀನಿ, ಹೆಂಗ ಬಿಟ್ಟು ಬರಲಿ? ನೀ ನಡಿ, ಬಂದೆ,” ಅಂದ. ನಾನು ಭಾಬಿಯನ್ನು ಕರೆದುಕೊಂಡು ಒಳಗೆ ಹೋಗಿ, ನಡುವಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಕಾದೆ. ಸರಿಯಾಗಿ ಹತ್ತಕ್ಕೆ ಮುಖ್ಯ ಅತಿಥಿಗಳು ಬಂದರು, ಬಾಗಿಲು ಮುಚ್ಚಿತು. ಎದ್ದು ಹೋದರೆ ಮತ್ತೆ ಬಿಡುವುದಿಲ್ಲ ಅಂದರು. ಇಲ್ಲಿ ರೂಲ್ಸು ನಿಜವಾಗಿಯೂ ಇತ್ತು.

ಭಾಷಣಗಳಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಬಾಗಿಲನ್ನೇ ನೋಡುತ್ತಿದ್ದೆ. ಒಬ್ಬೊಬ್ಬರಾಗಿ ಮಕ್ಕಳು ವೇದಿಕೆ ಹತ್ತಿ ಇಳಿದರು, ಒಬ್ಬರೂ ಎಡವಲಿಲ್ಲ. ನಸೀಮಾಳ ಹೆಸರು ಕರೆದಾಗ ಭಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಫೋನು ಎತ್ತಿ ವಿಡಿಯೋ ಮಾಡಿದೆ. ಪದವಿಯ ಹಾಳೆ ಕೈಗೆ ಬಂದ ಮೇಲೆ ಅವಳು ನಮ್ಮ ಸಾಲಿನ ಕಡೆ ತಿರುಗಿದಳು. ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು, ನಡುವಿನ ಕುರ್ಚಿಯನ್ನು ನೋಡಿದಳು. ನಗುತ್ತಲೇ ಇದ್ದಳು, ಆದರೆ ಮುಖ ಸಣ್ಣದಾದದ್ದು ನನಗೆ ಕಂಡಿತು. ಇಷ್ಟು ವರ್ಷ ಮೇಷ್ಟ್ರಾಗಿದ್ದವನಿಗೆ ಅಷ್ಟು ಗೊತ್ತಾಗುತ್ತದೆ.

ಮುಗಿದ ಮೇಲೆ ಹೊರಗೆ ಬಂದು ನೋಡಿದರೆ ಅಣ್ಣ ಅದೇ ಕೋಣೆಯಲ್ಲಿ, ಸುತ್ತ ಕರಿ ದಾರದ ಚೂರುಗಳ ನಡುವೆ ತೃಪ್ತಿಯಿಂದ ಕೂತಿದ್ದ. “ಬಾಗ್ಲು ಹಾಕಿಬಿಟ್ಟಿದ್ರು. ಆದ್ರೂ ಒಬ್ರೂ ಬೀಳ್ಲಿಲ್ಲಲ್ಲ?” ಎಂದು ಕೇಳಿದ.

“ಬೀಳ್ಲಿಲ್ಲ,” ಅಂದಳು ನಸೀಮಾ. “ಎಲ್ಲಾರ ಅಂಚೂ ನೋಡ್ದಿ ಅಬ್ಬಾ. ನನ್ನ ನೋಡ್ಲಿಲ್ಲ.”

ಸೂಜಿಗೆ ಉಳಿದ ದಾರ ಸುತ್ತುತ್ತಿದ್ದ ಅಣ್ಣನ ಕೈ ನಿಂತಿತು. “ನೀ ಎಡವಬಾರ್ದು ಅಂತ...”

“ನಂದು ನಾಕು ನಿಮಿಷಕ್ಕೆ ಮುಗಿದಿತ್ತು.”

ಅವನು ಸೂಜಿಯನ್ನು ಕಾಲರಿಗೆ ಸಿಕ್ಕಿಸಲು ಹೋಗಿ ಬೆರಳಿಗೆ ಚುಚ್ಚಿಕೊಂಡ. ಅರವತ್ತೈದು ವರ್ಷದ ದರ್ಜಿ ಬೆರಳಿಗೆ ಚುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಪರಿಸ್ಥಿತಿ ಸುಧಾರಿಸಲು ನಾನು ನನ್ನ ವಿಡಿಯೋ ತೆಗೆದು ತೋರಿಸಿದೆ. ಅದರಲ್ಲಿ ಮುಂದಿನ ಸಾಲಿನ ಸರ್ದಾರ್‌ಜಿಯ ಪೇಟವೂ ನನ್ನ ಹೆಬ್ಬೆರಳೂ ಸ್ಪಷ್ಟವಾಗಿ ಬಂದಿದ್ದವು. ಅಣ್ಣ ಅದನ್ನೂ ಶ್ರದ್ಧೆಯಿಂದ ಕೊನೆಯತನಕ ನೋಡಿದ.

ನಸೀಮಾ ಅವನ ಕೈ ಹಿಡಿದು ಎಬ್ಬಿಸಿದಳು. “ಬಾ,” ಅಂದಳು. ಸಭಾಂಗಣದಲ್ಲಿ ಕೆಲಸದವರು ಕುರ್ಚಿ ಮಡಚುತ್ತಿದ್ದರು. ಐದು ನಿಮಿಷ ಎಂದು ಅವರನ್ನು ಬೇಡಿಕೊಂಡು, ಅಪ್ಪನನ್ನು ಮೊದಲ ಸಾಲಿನ ಒಂದು ಕುರ್ಚಿಯಲ್ಲಿ ಕೂರಿಸಿದಳು. “ಇಲ್ಲೇ ಕೂಡ್ರು. ಏಳಬ್ಯಾಡ. ಏನೂ ಹೊಲೀಬ್ಯಾಡ.” ಆಮೇಲೆ ಒಬ್ಬಳೇ ಹೋಗಿ ಮೆಟ್ಟಿಲ ಬಳಿ ನಿಂತು ನನ್ನ ಕಡೆ ನೋಡಿದಳು. ಹೆಸರು ಕರೆಯುವವರು ಬೇಕಲ್ಲ. ನಾನು ಹಾಜರಿ ಕೂಗುವ ದನಿಯಲ್ಲಿ, “ಹರಿಹರದ ಖಾದರ್ ಸಾಬರ ಮಗಳು ನಸೀಮಾ!” ಎಂದು ಕೂಗಿದೆ. ಅವಳು ಗೌನಿನಲ್ಲಿ ನೆಟ್ಟಗೆ ನಡೆದು ವೇದಿಕೆಯ ನಡುವೆ ಬಂದು, ಹಾಳೆಯನ್ನು ಎದೆಗೆ ಹಿಡಿದು ನಿಂತಳು. ಭಾಬಿ ಚಪ್ಪಾಳೆ ತಟ್ಟಿದಳು, ಕುರ್ಚಿಯ ಕೆಲಸದವರೂ ತಟ್ಟಿದರು. ಅಣ್ಣ ತಟ್ಟಲಿಲ್ಲ. ಎರಡು ಕೈಯನ್ನೂ ಮೊಣಕಾಲಿನ ಮೇಲಿಟ್ಟುಕೊಂಡು ನೋಡುತ್ತಿದ್ದ. ಭುಜ ನೋಡಲಿಲ್ಲ, ಅಂಚು ನೋಡಲಿಲ್ಲ, ಮುಖ ನೋಡಿದ. ಅವನ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

ತಾಯಿ ಮಗಳು ಗೌನು ಹಿಂದಿರುಗಿಸಲು ಹೋದ ಮೇಲೂ ಅಣ್ಣ ಕುರ್ಚಿ ಬಿಟ್ಟು ಏಳಲಿಲ್ಲ. ಕೂರುವುದರ ರುಚಿ ಸಿಕ್ಕ ಹಾಗಿತ್ತು. ನಾನು ಪಕ್ಕದಲ್ಲಿ ಕೂತೆ. ಸುತ್ತ ಕುರ್ಚಿಗಳು ಪಟಪಟನೆ ಮಡಚಿಕೊಳ್ಳುತ್ತಿದ್ದವು. ಅವನು ಸಾಲುಗಳನ್ನೆಲ್ಲ ಒಮ್ಮೆ ನೋಡಿ ಕೇಳಿದ: “ನಿಂದು ಆದಾಗೂ ಹಿಂಗೇ ಕುರ್ಚಿ ಹಾಕಿದ್ರೇನು?”

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಯಾಕೋ ಹೊರಗೆ ಬರಲಿಲ್ಲ.

“ಹಾಕಿದ್ರು ಭಾಯಿ. ಮನೆಯವರನ್ನ ಬಿಡ್ತಿದ್ರು. ನಾನೇ ನಿಂಗೆ ಸುಳ್ಳು ಹೇಳ್ದೆ. ನಂಗೆ ನಾಚ್ಕಿ ಆಗಿತ್ತು.”

“ಗೊತ್ತೈತೆ ಬಿಡು,” ಅಂದ ಅಣ್ಣ.

“ಹೆಂಗೆ ಗೊತ್ತು?”

“ಭಾನುವಳ್ಳಿ ಚಂದ್ರಪ್ಪ ನಿನ್ ಕೂಡನೇ ಓದ್ತಿದ್ನಲ್ಲ, ಅವರಪ್ಪ ಆವಾಗ ಅಂಗಡಿಗೆ ಬಂದಿದ್ರು. ಮಗಂದು ಫಂಕ್ಷನ್ ಐತೆ, ಮುಂದಿನ ಸಾಲಿನಾಗ ಕೂಡ್ರಬೇಕು, ಒಂದ್ ಚಲೋ ಪ್ಯಾಂಟು ಬೇಕು ಅಂದ್ರು.” ಅಣ್ಣ ಎರಡು ಕೈ ಅಗಲಿಸಿ ಗಾಳಿಯಲ್ಲೇ ಅಳತೆ ತೋರಿಸಿದ. “ಸೊಂಟ ನಲವತ್ತೆರಡು. ಅರ್ಜೆಂಟ್ ಐತೆ ಅಂದ್ರು, ಎರಡು ದಿನದಾಗ ಹೊಲಿದು ಕೊಟ್ಟೆ.”